ಪರಶುರಾಮನನ್ನು ನೋಡಲು ಎರಡು ರಾತ್ರಿಯ ರೈಲು

ನಮ್ಮ ಕಾಸರಗೋಡಿನಲ್ಲಿ ಪರಶುರಾಮ ಅಂದರೆ ಇಬ್ಬರು. ಒಬ್ಬ, ಕೊಡಲಿ ಬೀಸಿ ಕಡಲನ್ನು ಹಿಂದೆ ಸರಿಸಿ ಈ ನೆಲ ಮಾಡಿಕೊಟ್ಟವನು. ಇನ್ನೊಬ್ಬ, ಬೆಳಗಿನ ಜಾವ ಮಂಗಳೂರು ಬಿಟ್ಟು ತೆಂಕು ದಿಕ್ಕಿಗೆ ಹೋಗುವ ಎಕ್ಸ್‌ಪ್ರೆಸ್ ರೈಲು. ಹಾಗಾಗಿ 2018ರ ಸೆಪ್ಟೆಂಬರಿನಲ್ಲಿ ನಾನು ಪೆರ್ಲದ ಹೋಟೆಲಿನಲ್ಲಿ ಚಾ ಕುಡಿಯುತ್ತಾ, "ಪರಶುರಾಮನನ್ನು ನೋಡಲಿಕ್ಕೆ ದೆಹಲಿಗೆ ಹೋಗ್ತಿದ್ದೇನೆ" ಅಂದಾಗ ಎದುರಿಗೆ ಕೂತವರಿಗೆ ಪಾಪ ಅನಿಸಿತು. "ಅದು ದೆಹಲಿಗೆ ಹೋಗುವುದಿಲ್ಲ ಮಾರಾಯ್ರೇ. ನೀವು ಮಂಗಳಾ ಹಿಡಿಯಬೇಕು" ಅಂದರು.

ಮಂಗಳಾ ಎಕ್ಸ್‌ಪ್ರೆಸ್ಸನ್ನೇ ಹಿಡಿದೆ. ಎರಡು ರಾತ್ರಿ ಪ್ರಯಾಣ. ಅಡಿಕೆ ತೋಟಕ್ಕೆ ಮೂರನೇ ಸಲದ ಮದ್ದು ಬಿಡುವ ಕೆಲಸ ಅರ್ಧಕ್ಕೆ ನಿಂತಿತ್ತು. ಹಳೇ ಡೀಸೆಲ್ ಪಂಪು ಬೇರೆ ಮುಷ್ಕರ ಹೂಡಿತ್ತು. "ಅರುವತ್ತು ವರ್ಷ ಆದಮೇಲೆ ವಿಮಾನ ನೋಡುವ ಮರ್ಲಾ ನಿಮಗೆ?" ಅಂತ ಮನೆಯವಳು ಕೇಳಿದಳು. ಮರ್ಲು ಅಂದರೆ ಹುಚ್ಚು. ಸುಮ್ನೆ ಬ್ಯಾಗಿಗೆ ಬಟ್ಟೆ ತುಂಬಿದೆ.

ಈ ಪರಶುರಾಮ ಒಂದು ಡಕೋಟಾ, ಅಂದರೆ ಜನ, ಸಾಮಾನು ಸಾಗಿಸುವ ವಿಮಾನ. ಎರಡನೇ ಮಹಾಯುದ್ಧದ ಕಾಲದ್ದು. ಆಗ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅದನ್ನು ಇಂಗ್ಲೆಂಡಿನಲ್ಲಿ ದುರಸ್ತಿ ಮಾಡಿಸಿ ವಾಯುಪಡೆಗೆ ಉಡುಗೊರೆ ಕೊಟ್ಟರು. ಅವರ ತಂದೆ ಏರ್ ಕಮೋಡೋರ್ ಎಂ. ಕೆ. ಚಂದ್ರಶೇಖರ್ ವಾಯುಪಡೆಯಲ್ಲಿ ಡಕೋಟಾ ಹಾರಿಸಿದವರು. 2018ರ ಏಪ್ರಿಲ್‌ನಲ್ಲಿ ಕೊವೆಂಟ್ರಿಯಿಂದ ಹೊರಟ ವಿಮಾನ ಯುರೋಪು, ಅರಬ್ ದೇಶಗಳನ್ನು ದಾಟಿ, ನಿಂತು ನಿಂತು, ತನ್ನದೇ ರೆಕ್ಕೆಯ ಮೇಲೆ ಜಾಮ್‌ನಗರಕ್ಕೆ ಬಂತು. ಹಡಗಿಗೆ ಹಾಕಿ ತರಲಿಲ್ಲ. ಪೇಪರಿನಲ್ಲಿ ಅದನ್ನು ಓದಿದ ದಿನವೇ ಹೋಗಿ ನೋಡಬೇಕು ಅಂತ ನಿಶ್ಚಯ ಮಾಡಿದ್ದೆ.

ಅದರ ಬಾಲದ ಮೇಲೆ ಬರೆದಿರುವ ನಂಬರು ವಿಪಿ-905. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಹೊತ್ತು ಶ್ರೀನಗರದಲ್ಲಿ ಮೊದಲು ಇಳಿದ ಡಕೋಟಾದ ನಂಬರು ಅದು. ಇದು ಆ ಮೂಲ ವಿಮಾನ ಅಲ್ಲ. ಅದರ ಹೆಸರು ಇದು ಹೊತ್ತುಕೊಂಡಿದೆ, ಮೊಮ್ಮಗನಿಗೆ ಅಜ್ಜನ ಹೆಸರಿಟ್ಟ ಹಾಗೆ.

ನನಗೆ ಯಾಕೆ ಇಷ್ಟು ಆಸೆ ಅಂತ ಹೇಳಬೇಕಾದರೆ ಹಳೇ ಕತೆ ಬೇಕು. ನಾನು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವನು. ತಾಂಬರಂನಲ್ಲಿ ತರಬೇತಿ, ಆಮೇಲೆ 1981ರಲ್ಲಿ ಅಸ್ಸಾಮಿನ ಒಂದು ನೆಲೆಗೆ ಹಾಕಿದರು. ಜೊತೆಯವರಿಗೆ ಮಿಗ್ ಸಿಕ್ಕಿತು, ನನಗೆ ಡಕೋಟಾ. ಆಗ ಅಳು ಬಂದಿತ್ತು. ನನಗಿಂತ ವಯಸ್ಸಾದ ವಿಮಾನ! ಅರುಣಾಚಲದ ಬೆಟ್ಟಗಳಿಗೆ ಅಕ್ಕಿ, ಸೀಮೆಎಣ್ಣೆ, ಉಪ್ಪು ಸಾಗಿಸುವ ಕೆಲಸ. ಎರಡು ತಿಂಗಳು ಕಳೆದ ಮೇಲೆ ಅಳು ನಿಂತಿತು. ಆರು ತಿಂಗಳಿಗೆ, ಬೇರೆ ವಿಮಾನ ಕೊಡ್ತೇವೆ ಅಂದರೂ ಬೇಡ ಅನ್ನುವ ಹಾಗಾಗಿದ್ದೆ.

ಡಕೋಟಾಕ್ಕೆ ಎರಡು ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್. ಒಂದೊಂದಕ್ಕೂ 14 ಸಿಲಿಂಡರ್, 1200 ಕುದುರೆ ಶಕ್ತಿ. ಸಿಲಿಂಡರುಗಳು ಸಾಲಾಗಿ ನಿಂತಿರುವುದಿಲ್ಲ. ನಡುವಿನ ಸುತ್ತ, ಸೂರ್ಯಕಾಂತಿ ಹೂವಿನ ಎಸಳಿನ ಹಾಗೆ, ಹಿಂದೆ ಏಳು ಮುಂದೆ ಏಳು. ಇದಕ್ಕೆ ರೇಡಿಯಲ್ ಎಂಜಿನ್ ಅಂತಾರೆ. ಎಸಳು ಸುತ್ತ ಇದೆ ಅಂದಮೇಲೆ ಕೆಲವು ತಲೆಕೆಳಗಾಗಿ ಇರಲೇಬೇಕು ಅಲ್ವಾ? ಎಲ್ಲ ತಾಪತ್ರಯ ಅಲ್ಲೇ. ರಾತ್ರಿಯೆಲ್ಲ ವಿಮಾನ ನಿಂತಿದ್ದರೆ ಎಣ್ಣೆ ಮೆಲ್ಲಗೆ ಜಿನುಗಿ ಕೆಳಗಿನ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತದೆ. ಗಾಳಿಯನ್ನಾದರೆ ಒತ್ತಬಹುದು, ಎಣ್ಣೆಯನ್ನು ಒತ್ತಲು ಆಗುವುದಿಲ್ಲ. ಹಾಗೇ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ಬಂದು ಎಣ್ಣೆಗೆ ಗುದ್ದುತ್ತದೆ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಅದಕ್ಕೇ ಬೆಳಗಿನ ಮೊದಲ ಕೆಲಸ ಕೈಯಿಂದ ಪ್ರೊಪೆಲ್ಲರ್ ತಿರುಗಿಸುವುದು. ಮೊದಲು ಒಳಗಿದ್ದವನು ಮ್ಯಾಗ್ನೆಟೋ ಸ್ವಿಚ್ ಆಫ್ ಅಂತ ಕೂಗಬೇಕು, ಕೆಳಗಿದ್ದವನು ಅದನ್ನೇ ತಿರುಗಿ ಕೂಗಬೇಕು. ಮ್ಯಾಗ್ನೆಟೋ ಅಂದರೆ ಸ್ಪಾರ್ಕ್ ಪ್ಲಗ್ಗಿಗೆ ವಿದ್ಯುತ್ ಕೊಡುವ ಸಾಧನ. ಆಮೇಲೆ ಒಂದು ಬ್ಲೇಡ್ ಹಿಡಿದು ಕೆಳಗೆ ಎಳೆದು, ಪಕ್ಕಕ್ಕೆ ಸರಿದು, ಮುಂದಿನ ಬ್ಲೇಡಿಗೆ ಕೈ ಹಾಕುವುದು. ಹೀಗೆ ಹನ್ನೆರಡು ಬ್ಲೇಡ್ ಎಣಿಸುವುದು. ಚಳಿಗಾಲದ ಮುಂಜಾನೆ ಬ್ಲೇಡ್ ಎಷ್ಟು ತಣ್ಣಗಿರುತ್ತಿತ್ತು ಅಂದರೆ ಅಂಗೈ ಅಂಟಿಕೊಂಡಂತೆ ಆಗುತ್ತಿತ್ತು. ಒಳಗಿಂದ ಸಿಲಿಂಡರುಗಳು ಒಂದೊಂದಾಗಿ ಉಸಿರು ಬಿಡುವುದು ಕೇಳುತ್ತಿತ್ತು. ಪುಸ್, ಪುಸ್ ಅಂತ. ಹಟ್ಟಿಯಲ್ಲಿ ಮಲಗಿದ ದನ ಎಬ್ಬಿಸಿದಾಗ ಉಸಿರುಬಿಡುತ್ತದಲ್ಲ, ಹಾಗೆ.

ಒಂದು ದಿನ ಏಳನೇ ಬ್ಲೇಡಿಗೆ ಸಿಕ್ಕಿಕೊಂಡಿತು. ಅಲ್ಲಾಡಲಿಲ್ಲ. ನಾನೂ ಇನ್ನೊಬ್ಬ ಹುಡುಗನೂ ಸೇರಿ ಜೋತುಬಿದ್ದು ಎಳೆಯಲು ಹೊರಟೆವು. ತೋಟದ ಕೆಲಸ ಮಾಡಿ ಬೆಳೆದ ಮೈ, ಜಾಸ್ತಿ ಶಕ್ತಿ ಹಾಕಿದರೆ ಎಲ್ಲ ಸರಿಯಾಗುತ್ತದೆ ಅಂತಲೇ ತಿಳಿದಿದ್ದೆ. ಹಿಂದಿನಿಂದ ಸಾರ್ಜೆಂಟ್ "ರುಕೋ!" ಅಂತ ಕಿರುಚಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿದ್ದು ಅದೊಂದೇ ಸಲ. ಹಾಗಾದರೆ ಹಿಂದಕ್ಕೆ ತಿರುಗಿಸೋಣವೇ ಸಾರ್ ಅಂತ ಕೇಳಿದೆ. ಅವರು ತಲೆ ಚಚ್ಚಿಕೊಂಡರು. ಹಿಂದಕ್ಕೆ ತಿರುಗಿಸಿದರೆ ಎಣ್ಣೆ ಇನ್‌ಟೇಕ್ ಪೈಪಿಗೆ, ಅಂದರೆ ಸಿಲಿಂಡರಿಗೆ ಗಾಳಿ, ಪೆಟ್ರೋಲು ತರುವ ಕೊಳವೆಗೆ, ಹೋಗಿ ಕೂರುತ್ತದೆ. ಎಲ್ಲ ಸರಿಯಾಯಿತು ಅಂತ ಸ್ಟಾರ್ಟ್ ಮಾಡಿದ ಕ್ಷಣದಲ್ಲಿ ವಾಪಸ್ಸು ಸಿಲಿಂಡರಿಗೆ ಬಂದು ಅದೇ ಅನಾಹುತ ಮಾಡುತ್ತದೆ.

ಸರಿಯಾದ ದಾರಿ ಒಂದೇ: ಕೆಳಗಿನ ಸಿಲಿಂಡರುಗಳ ಸ್ಪಾರ್ಕ್ ಪ್ಲಗ್ ಬಿಚ್ಚುವುದು. ಮಲಗಿ ಬಿಚ್ಚಿದೆ. ಎರಡನೇ ಪ್ಲಗ್ ಸಡಿಲಾದ ಕೂಡಲೇ ಕಪ್ಪೆಣ್ಣೆ ನೇರ ನನ್ನ ಕುತ್ತಿಗೆಯೊಳಗೆ ಇಳಿಯಿತು. ಸಾರ್ಜೆಂಟ್ ಒಂದು ಡಬ್ಬ ಕೊಟ್ಟು, "ಇದನ್ನು ಮೊದಲೇ ಇಡಬೇಕಿತ್ತು" ಅಂದರು. ಡಬ್ಬದಲ್ಲಿ ಎಷ್ಟು ಬಿದ್ದಿತೆಂದು ನೋಡಿ, ಪ್ಲಗ್ ತೊಳೆದು ಹಾಕಿ, ವಿಮಾನದ ರಿಪೇರಿಯ ಲೆಕ್ಕ ಇಡುವ ಎಫ್-700 ಪುಸ್ತಕದಲ್ಲಿ ಬರೆದು ಸಹಿ ಹಾಕುವಾಗ ಒಂದೂವರೆ ಗಂಟೆ ಕಳೆದಿತ್ತು. ಆ ದಿನ ಬೆಟ್ಟದ ಮೇಲಿನವರಿಗೆ ಅಕ್ಕಿ ತಡವಾಯಿತು.

ಸ್ಟಾರ್ಟ್ ಮಾಡುವುದಕ್ಕೂ ಒಂದು ಕ್ರಮ. ನಾನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಎಂಜಿನ್ ಪಕ್ಕ ನಿಲ್ಲಬೇಕು. ಒಳಗೆ ಸ್ಟಾರ್ಟರಿನ ಚಕ್ರ ವೇಗ ಹಿಡಿಯುವ ಕೀರಲು ಶಬ್ದ ಏರುತ್ತಾ ಹೋಗುತ್ತದೆ. ಆಮೇಲೆ ಅದು ಎಂಜಿನ್ನನ್ನು ಕಚ್ಚಿಕೊಳ್ಳುತ್ತದೆ. ಬ್ಲೇಡುಗಳು ಒಲ್ಲದ ಮನಸ್ಸಿನಿಂದ ತಿರುಗುತ್ತವೆ. ಒಂದು ಸಿಲಿಂಡರ್ ಕೆಮ್ಮುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದು. ಬಿಳಿ ಹೊಗೆ ಭಕ್ಕೆಂದು ಬಂದು ಇಡೀ ಎಂಜಿನ್ ಮುಚ್ಚಿಹೋಗುತ್ತದೆ. ಆ ಹೊಗೆಯ ಒಳಗಿನಿಂದ ಹದಿನಾಲ್ಕೂ ಒಟ್ಟಾಗಿ ದನಿ ಎತ್ತಿದಾಗ ಎದೆಗೂಡಿನ ಒಳಗೆ ಗೊತ್ತಾಗುತ್ತಿತ್ತು. ಮೂವತ್ತು ಸೆಕೆಂಡಿನಲ್ಲಿ ಎಣ್ಣೆಯ ಒತ್ತಡ ಬಾರದಿದ್ದರೆ ನಿಲ್ಲಿಸಬೇಕು. ಬಂದರೆ, ಬಿಸಿಯಾಗುವವರೆಗೆ ಕಾಯಬೇಕು. ಒಂದೊಂದು ಮ್ಯಾಗ್ನೆಟೋ ಆರಿಸಿ ಎಂಜಿನ್ ಎಷ್ಟು ಸುತ್ತು ಇಳಿಯುತ್ತದೆ ನೋಡಬೇಕು. ನೂರಕ್ಕಿಂತ ಜಾಸ್ತಿ ಇಳಿದರೆ ವಿಮಾನ ವಾಪಸ್ಸು ನಮ್ಮ ಬಳಿಗೇ.

ಎಣ್ಣೆ ಸೋರುವ ಬಗ್ಗೆ ಹೊಸಬರು ಗಾಬರಿಯಾಗುತ್ತಿದ್ದರು. ನಮಗೆ ಸೋರದಿದ್ದರೆ ಗಾಬರಿ. ಟ್ಯಾಂಕಿನಲ್ಲೇ ಇಲ್ಲವೋ ಏನೋ ಅಂತ ಹೋಗಿ ನೋಡುತ್ತಿದ್ದೆವು.

1980ರ ದಶಕದಲ್ಲೇ ಡಕೋಟಾಗಳ ಸೇವೆ ಮುಗಿಯಿತು. ನಾನು ಬೇರೆ ವಿಮಾನಕ್ಕೆ ಹೋದೆ, 1997ರಲ್ಲಿ ಊರಿಗೆ ಬಂದು ಅಡಿಕೆ ಹಿಡಿದೆ. ಆಮೇಲೆ ಡಕೋಟಾ ಕಂಡದ್ದು ಮ್ಯೂಸಿಯಮ್ಮುಗಳಲ್ಲಿ ಮಾತ್ರ. ದೆಹಲಿಯ ಪಾಲಂನಲ್ಲಿ ಒಂದಿದೆ. ಚೆನ್ನಾಗಿಯೇ ಇಟ್ಟಿದ್ದಾರೆ. ಆದರೆ ನಾನು ಮಾಡಿದ ಮೊದಲ ಕೆಲಸ ಎಂಜಿನ್ ಕೆಳಗೆ ಬಗ್ಗಿ ನೆಲ ನೋಡಿದ್ದು. ನೆಲ ಒಣಗಿತ್ತು. ಒಂದು ಹನಿ ಇಲ್ಲ. ಮತ್ತೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಪರಶುರಾಮ ಇರುವುದು ದೆಹಲಿ ಹತ್ತಿರದ ಹಿಂಡನ್ ವಾಯುನೆಲೆಯಲ್ಲಿ. ಅದರ ಹತ್ತಿರವೇ ಮಗನ ಬಾಡಿಗೆ ಮನೆ. ಅಕ್ಟೋಬರ್ 8ರ ವಾಯುಪಡೆ ದಿನದ ಪರೇಡಿಗೆ ಪಾಸು ಇರಲಿಲ್ಲ, ನಾನು ಕೇಳಲೂ ಇಲ್ಲ. ತಾರಸಿಗೆ ಹೋಗಿ ನಿಂತೆವು. ಮೊಮ್ಮಗಳಿಗೆ ಆರು ವರ್ಷ. ಅಕ್ಕಪಕ್ಕದ ತಾರಸಿಗಳಲ್ಲೂ ಜನ. ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕು, ಮೊಬೈಲ್ ಎತ್ತಿದ ಕೈಗಳು.

ನಿಜ ಹೇಳಬೇಕೆಂದರೆ ಆ ದಿನ ಹೊಟ್ಟೆಯೊಳಗೆ ಸ್ವಲ್ಪ ಅಳುಕಿತ್ತು. ಎರಡು ತಿಂಗಳ ಹಿಂದೆ, ಆಗಸ್ಟ್ 4ರಂದು, ಸ್ವಿಟ್ಜರ್ಲೆಂಡಿನಲ್ಲಿ 1939ರ ಯುಂಕರ್ಸ್-52 ವಿಮಾನವೊಂದು ಬೆಟ್ಟದ ಮೇಲೆ ಬಿದ್ದು 20 ಜನ ಸತ್ತಿದ್ದರು. ಹಳೇ ವಿಮಾನಗಳನ್ನು ಹಾರಿಸುವುದೇ ತಪ್ಪು ಅಂತ ಆಗ ಎಷ್ಟೋ ಜನ ಹೇಳಿದರು. ಆಮೇಲೆ ಬಂದ ತನಿಖಾ ವರದಿ, ಪೈಲಟ್‌ಗಳು ಕಣಿವೆಯಲ್ಲಿ ತೀರಾ ಅಪಾಯ ಮೈಮೇಲೆ ಎಳೆದುಕೊಂಡು ಹಾರಿಸಿದ್ದೇ ಕಾರಣ ಅಂದಿತು. ಆದರೆ ವಿಮಾನದ ಒಳಗೆ ತುಕ್ಕು ಹಿಡಿದಿದ್ದದ್ದೂ ಅದೇ ತನಿಖೆಯಲ್ಲಿ ಹೊರಬಂತು. ಫಿಟ್ಟರ್ ಆದವನಿಗೆ ಆ ಎರಡನೇ ಮಾತು ಚುಚ್ಚುತ್ತದೆ. ನನ್ನ ಮಟ್ಟಿಗೆ, ಹಾರಿಸಲಿ. ಆದರೆ ಕಮ್ಮಿ ಹಾರಿಸಲಿ, ನೇರ ಹಾರಿಸಲಿ, ಸರ್ಕಸ್ಸು ಬೇಡ. ಜಾಯಿಂಟ್‌ಗಳನ್ನು ಬಿಚ್ಚಿ ನೋಡಲು ದುಡ್ಡಿಲ್ಲದಿದ್ದರೆ ಹಾರಿಸಲೇಬಾರದು.

ಜೆಟ್ ಬರುವುದು ಗೊತ್ತಾಗುವುದಿಲ್ಲ. ತಲೆಯ ಮೇಲೆ ದಾಟಿಹೋದ ಮೇಲೆ ಕಿವಿಗೆ ಹೊಡೆಯುತ್ತದೆ. ಡಕೋಟಾ ಹಾಗಲ್ಲ, ದೂರದಿಂದಲೇ ಹೇಳಿಕೊಂಡು ಬರುತ್ತದೆ. ನನಗೆ ಅದು ಕಣ್ಣಿಗೆ ಬೀಳುವ ಮೊದಲೇ ಕೇಳಿತು. ಮೊದಲು ಬರೀ ಒಂದು ಗುಂಯ್. ಆಮೇಲೆ ಅದರೊಳಗೆ ಅಲೆ ಅಲೆಯಾಗಿ ವೂಂ... ವೂಂ... ವೂಂ. ಎರಡು ಎಂಜಿನ್‌ಗಳ ವೇಗ ಕೂದಲೆಳೆಯಷ್ಟು ಬೇರೆಯಾದರೆ ಹೀಗೆ ದನಿ ಏರಿಳಿಯುತ್ತದೆ. ಯಾರೋ ಒಳಗೆ ಲಿವರ್ ಚೂರು ಸರಿಸಿರಬೇಕು. ಅಲೆಗಳ ನಡುವಿನ ಅಂತರ ಉದ್ದವಾಯಿತು, ಇನ್ನೂ ಉದ್ದವಾಯಿತು, ಕಡೆಗೆ ನಿಂತು ಒಂದೇ ದನಿಯಾಯಿತು. ತಾರಸಿಯ ಮೇಲಿದ್ದ ಯಾರೂ ಅದನ್ನು ಗಮನಿಸಿರಲಿಕ್ಕಿಲ್ಲ. ನನಗೆ ಮಾತ್ರ ಮೈ ಜುಮ್ಮೆಂದಿತು. ಮೂವತ್ತು ಚಿಲ್ಲರೆ ವರ್ಷಗಳಾದ ಮೇಲೆ ಆ ಒಂದಾಗುವ ಕ್ಷಣ ಕೇಳಿದ್ದೆ.

ಆಮೇಲೆ ವಿಮಾನ ಕಂಡಿತು. 95 ಅಡಿಯ ರೆಕ್ಕೆ, ಗುಂಡು ಮೂತಿ. ಆತುರವೇ ಇಲ್ಲ.

"ಅಜ್ಜ, ಇದು ಯಾಕೆ ಇಷ್ಟು ಮೆಲ್ಲ ಹೋಗುದು? ಬೀಳುದಿಲ್ವಾ?" ಅಂತ ಮೊಮ್ಮಗಳು ಕೇಳಿದಳು.

"ಇಲ್ಲ ಮಗಾ. ಅದಕ್ಕೆ ಅಷ್ಟು ವೇಗ ಸಾಕು."

"ನೀವು ರಿಪೇರಿ ಮಾಡಿದ್ದು ಇದನ್ನಾ?"

ಇದನ್ನಲ್ಲ, ಇದರ ಅಣ್ಣತಮ್ಮಂದಿರನ್ನು ಅಂತ ಹೇಳಬೇಕಿತ್ತು. ಹೂಂ ಅಂದುಬಿಟ್ಟೆ.

ವಾಯುಪಡೆ ಹಾರುವ ಸ್ಥಿತಿಯಲ್ಲಿ ಇಟ್ಟುಕೊಂಡ ಹಳೇ ವಿಮಾನಗಳ ಈ ವಿಂಟೇಜ್ ಗುಂಪಿನಲ್ಲಿ ಇನ್ನೂ ಎರಡು ಹಳಬರಿದ್ದಾರೆ. ಟೈಗರ್ ಮಾತ್ ಅಂತ ಎರಡು ಅಂತಸ್ತಿನ ರೆಕ್ಕೆಯ ಪುಟ್ಟ ತರಬೇತಿ ವಿಮಾನ. ರೆಕ್ಕೆಗೆ ಮರದ ಚೌಕಟ್ಟು, ಮೇಲೆ ಬಟ್ಟೆ. ಎಂಜಿನ್ ಬರೀ 130 ಕುದುರೆ ಶಕ್ತಿಯದು. ಇನ್ನೊಂದು ಹಾರ್ವರ್ಡ್. ಅದರ ಪ್ರೊಪೆಲ್ಲರ್ ಬ್ಲೇಡುಗಳ ತುದಿ ಶಬ್ದದ ವೇಗದ ಹತ್ತಿರ ಹೋಗುವುದರಿಂದ ಮರ ಕುಯ್ಯುವ ಮಿಲ್ಲಿನಂತೆ ಕಿರುಚುತ್ತದೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಹಿಡಿಸುವವರು ಬೇಕಾದಷ್ಟು ಜನ ಇದ್ದಾರೆ.

ಇವುಗಳನ್ನು ನೋಡಬೇಕೆಂದಿರುವವರಿಗೆ ನನ್ನದು ಒಂದೇ ಮಾತು. ಸಾಧ್ಯವಾದರೆ ಹಾರುವುದಕ್ಕಿಂತ ಹೆಚ್ಚಾಗಿ ಸ್ಟಾರ್ಟ್ ಆಗುವುದನ್ನು ನೋಡಿ. ಮತ್ತೆ ಮೊಬೈಲ್ ಕೆಳಗಿಡಿ. ನಾನೇ ಇಡಲಿಲ್ಲ, ಅದು ಬೇರೆ ವಿಷಯ. ನಾನು ತೆಗೆದ ವಿಡಿಯೋದಲ್ಲಿ ಮುಕ್ಕಾಲು ಪಾಲು ಎದುರುಮನೆಯ ನೀರಿನ ಟ್ಯಾಂಕು. ಶಬ್ದ ಮಾತ್ರ ಚೆನ್ನಾಗಿ ಬಂದಿದೆ.

ಎಣ್ಣೆಯ ಇನ್ನೊಂದು ಕತೆ ಉಂಟು. ಈ ಎಂಜಿನ್‌ಗಳು ಜೆಟ್ ವಿಮಾನದ ಸೀಮೆಎಣ್ಣೆಯಂಥ ಇಂಧನ ಕುಡಿಯುವುದಿಲ್ಲ. ಅವಕ್ಕೆ ಏವ್‌ಗ್ಯಾಸ್ ಅನ್ನುವ ಬೇರೆಯೇ ಪೆಟ್ರೋಲು ಬೇಕು. ಅದನ್ನು ಹೊರದೇಶದಿಂದ ತರಿಸಬೇಕಿತ್ತು. 2022ರ ಸೆಪ್ಟೆಂಬರಿನಲ್ಲಿ ಇಂಡಿಯನ್ ಆಯಿಲ್ ಗುಜರಾತಿನ ರಿಫೈನರಿಯಲ್ಲಿ ತಯಾರಿಸಿ ಬಿಡುಗಡೆ ಮಾಡಿತು, ಅದೂ ಹಿಂಡನ್‌ನಲ್ಲೇ. ಪರಶುರಾಮನ ಮನೆಬಾಗಿಲಿಗೇ ಬಂದ ಹಾಗಾಯಿತು.

ಊರಿಗೆ ಮರಳಿದ ಮರುದಿನ ಪಂಪ್ ಶೆಡ್ಡಿಗೆ ಹೋದೆ. ಬಿಚ್ಚಿದ ಪಂಪು ಹಾಗೇ ಗೋಣಿಯ ಮೇಲೆ ಬಿದ್ದಿತ್ತು. ಇಂಜೆಕ್ಟರ್ ಒರೆಸುತ್ತಾ, ಮೊಬೈಲನ್ನು ತಗಡಿನ ಡಬ್ಬದೊಳಗೆ ಇಟ್ಟು ಆ ವಿಡಿಯೋ ಹಾಕಿದೆ. ಡಬ್ಬದಲ್ಲಿಟ್ಟರೆ ದನಿ ದೊಡ್ಡದಾಗುತ್ತದೆ. ವೂಂ... ವೂಂ ಅಂತ ಶುರುವಾಯಿತು. ಒಂದಾಗುವ ಜಾಗ ಬಂದಾಗ ಕೈ ನಿಲ್ಲಿಸಿ ಕೇಳಿದೆ. ಮತ್ತೆ ಹಿಂದಕ್ಕೆ ಎಳೆದು ಇನ್ನೊಮ್ಮೆ ಹಾಕಿದೆ.

ಬೇಲಿಯಾಚೆಯಿಂದ ನೆರೆಮನೆಯವರು ಕೂಗಿದರು. "ಪಂಪು ಸರಿಯಾಯ್ತು ಅಂತ ಕಾಣ್ತದೆ ಅಣ್ಣಾ. ನಾಳೆ ನಮ್ಮ ತೋಟಕ್ಕೂ ಒಂದು ಗಳಿಗೆ ನೀರು ಬಿಡ್ತೀರಾ?"