ಕಂಬಳದಲ್ಲಿ ಗೆದ್ದ ಜತೆಯ ಯೋಗ್ಯತೆಯನ್ನು ನಾನು ಅಳೆಯುವ ಬಗೆ

ಹಗ್ಗ ಹಿರಿಯ ವಿಭಾಗದಲ್ಲಿ, ಅಂದರೆ ಹಗ್ಗ ಹಿಡಿದು ಓಡಿಸುವ ಹಿರಿಯ ಕೋಣಗಳ ಓಟದಲ್ಲಿ, ಹೊಸ ಜತೆಯೊಂದು ಮೊದಲ ಬಹುಮಾನದ ಎರಡು ಪವನ್ ಚಿನ್ನ ಗೆದ್ದಿತೆಂದರೆ ಮರುದಿನವೇ ಆ ಕೋಣಗಳ ಬೆಲೆಯ ಮಾತು ಶುರುವಾಗುತ್ತದೆ. ಕೊಳ್ಳಲು ಹೊರಟ ಕೆಲವು ಯಜಮಾನರು, ಅದರಲ್ಲೂ ಕಾರ್ಕಳ, ಮೂಡುಬಿದಿರೆಯ ಕಡೆಯವರು, ಮಾತು ಮುಗಿಸುವ ಮೊದಲು ನನ್ನನ್ನು ಒಮ್ಮೆ ಕೇಳುವುದುಂಟು. ನಾನು ಕೋಣ ಸಾಕಿದವನಲ್ಲ, ಓಡಿಸಿದವನೂ ಅಲ್ಲ. ಓಟ ಮುಗಿಯುವ ಮಂಜೊಟ್ಟಿಯ ಬಳಿ ನಿಂತು ಪ್ರತಿ ಓಟದ ಸಮಯ, ಓಡಿದ ಕರೆ (ಕೆಸರಿನ ಓಟದ ದಾರಿ), ಓಡಿಸಿದವರು, ಎದುರಿಗಿದ್ದ ಜತೆ ಇಷ್ಟನ್ನೂ ಪುಸ್ತಕದಲ್ಲಿ ಬರೆದಿಡುವ ಹವ್ಯಾಸ ನನ್ನದು. ಹತ್ತಿರದಲ್ಲಿ ಮಂಗಳೂರಿನ ಬಂಗ್ರಕೂಳೂರು, ದೂರದಲ್ಲಿ ಉಪ್ಪಿನಂಗಡಿ, ಎಲ್ಲಿ ಕಂಬಳವಾದರೂ ಆ ಪುಸ್ತಕ ನನ್ನ ಜೊತೆಗಿರುತ್ತದೆ.

ಬರೆದಿಟ್ಟದ್ದನ್ನು ತೂಗಿ ನೋಡುವ ಕ್ರಮವನ್ನು ನಾನು ಕಲಿತದ್ದು ಕುದುರೆ ರೇಸಿನಿಂದ. ಅಲ್ಲಿ ಕುದುರೆಗಳಿಗೆ ಅಂಕ ಕೊಡುವುದೇ ಕೆಲವರ ವೃತ್ತಿ, ಮತ್ತು ಗೆಲುವಿನ ಅಂತರವನ್ನು ಅವರು ಸುಮ್ಮನೆ ನಂಬುವುದಿಲ್ಲ. 1973ರ ಬೆಲ್ಮಾಂಟ್ ಸ್ಟೇಕ್ಸ್ ರೇಸಿನಲ್ಲಿ ಅಮೆರಿಕದ ಸೆಕ್ರೆಟೇರಿಯಟ್ ಎಂಬ ಕುದುರೆ 31 ಕುದುರೆಯುದ್ದದ ಅಂತರದಿಂದ ಗೆದ್ದದ್ದನ್ನು ಇಂದಿಗೂ ಎಲ್ಲರೂ ಹೇಳುತ್ತಾರೆ. ಆದರೆ ಆ ರೇಸಿನಲ್ಲಿ ಓಡಿದ್ದೇ ಐದು ಕುದುರೆಗಳು, ಅವುಗಳಲ್ಲಿ ಮುಖ್ಯ ಎದುರಾಳಿಯಾಗಿದ್ದ ಶಾಮ್ ಆರಂಭದಲ್ಲಿ ಸಮಸಮನಾಗಿ ಓಡಲು ಹೋಗಿ, ಬಳಲಿ, ಕೊನೆಯ ಸ್ಥಾನಕ್ಕೆ ಜಾರಿತ್ತು. ಹೀಗಾಗಿ ಆ 31ರಲ್ಲಿ ಎದುರಾಳಿಗಳ ಕುಸಿತದ ಪಾಲೂ ಇದೆ. ಸೆಕ್ರೆಟೇರಿಯಟ್‌ನ ನಿಜವಾದ ಯೋಗ್ಯತೆಗೆ ಸಾಕ್ಷಿ ಒಂದೂವರೆ ಮೈಲಿಯನ್ನು ಅದು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿದ್ದು, ಆ ರೇಸಿನಲ್ಲಿ ಅದನ್ನು ಇದುವರೆಗೆ ಯಾವ ಕುದುರೆಯೂ ಮೀರಿಲ್ಲ. ಫ್ರಾಂಕೆಲ್ ಎಂಬ ಕುದುರೆಯ ಕಥೆ ಬೇರೆ. 2012ರಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಕಟ್‌ನಲ್ಲಿ ಅದು ಎಕ್ಸೆಲೆಬ್ರೇಶನ್ ಎಂಬ ಕುದುರೆಯನ್ನು 11 ಉದ್ದಗಳಿಂದ ಸೋಲಿಸಿತು. ಸೋತ ಕುದುರೆ ಸಾಮಾನ್ಯದ್ದಿರಬೇಕು ಎನ್ನುವಂತಿರಲಿಲ್ಲ, ಏಕೆಂದರೆ ಅದೇ ವರ್ಷ ಎಕ್ಸೆಲೆಬ್ರೇಶನ್ ಫ್ರಾನ್ಸಿನ ದೋವಿಲ್‌ನಲ್ಲೂ ಆಸ್ಕಟ್‌ನಲ್ಲೂ ಅತ್ಯುನ್ನತ ದರ್ಜೆಯ ರೇಸುಗಳನ್ನು ಗೆದ್ದಿತು. ಗೆದ್ದದ್ದರ ಬೆಲೆಯನ್ನು ಸೋತದ್ದು ಆಮೇಲೆ ಏನು ಮಾಡಿತೆಂಬುದರಿಂದ ಅಳೆಯುವ ಈ ರೀತಿ ನನಗೆ ಬಹಳ ಉಪಯೋಗಕ್ಕೆ ಬಂದಿದೆ.

ಕಂಬಳದಲ್ಲಿ ಈಗ ಲೇಸರ್ ಕಿರಣದ ನೆರವಿನಿಂದ ಸೆಕೆಂಡಿನ ನೂರನೇ ಒಂದು ಭಾಗದವರೆಗೆ ಸಮಯ ಸಿಗುತ್ತದೆ. ಆದರೆ ಆ ಅಂಕಿಯನ್ನು ಒಂದು ಕಂಬಳದಿಂದ ಇನ್ನೊಂದಕ್ಕೆ ಹೊತ್ತೊಯ್ಯುವಂತಿಲ್ಲ. ಎಲ್ಲ ಕರೆಗಳ ಉದ್ದ ಒಂದೇ ಅಲ್ಲ. ನೀರಿನ ಮಟ್ಟ, ಮರಳು ಮತ್ತು ಕೆಸರಿನ ಹದ ಊರಿಂದೂರಿಗೆ ಬೇರೆ. ಅದೇ ಕರೆಯಲ್ಲೂ ಬೆಳಗ್ಗೆ ಓಡಿದ ಜತೆಗೆ ಸಿಕ್ಕ ನೆಲ ಮಧ್ಯರಾತ್ರಿ ಓಡಿದ ಜತೆಗೆ ಸಿಗುವುದಿಲ್ಲ. ಆದ್ದರಿಂದ ನಾನು ಆ ವಿಭಾಗದ ಆ ದಿನದ ಎಲ್ಲ ಓಟಗಳ ಸಮಯವನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಗುರುತು ಹಾಕಿಕೊಳ್ಳುತ್ತೇನೆ. ಆ ನಡುವಿನ ಸಮಯ 12.20 ಸೆಕೆಂಡು, ಗೆದ್ದ ಜತೆಯದು 11.80 ಎಂದಿಟ್ಟುಕೊಳ್ಳಿ, ಅದು ಶೇಕಡಾ 3.3ರಷ್ಟು ಮುಂದಿದೆ. ಮುಂದಿನ ವಾರ ಇನ್ನೊಂದು ಊರಲ್ಲಿ ನಡುವಿನ ಸಮಯ 11.60 ಆಗಿ, ಅದೇ ಜತೆ 11.50ರಲ್ಲಿ ಗೆದ್ದರೆ, ಕೋಣಗಳು ಇನ್ನೂ ಚುರುಕಾದವು ಎಂದು ಜನ ಹೇಳುತ್ತಾರೆ. ನನ್ನ ಪುಸ್ತಕದಲ್ಲಿ ಅದು ಶೇಕಡಾ ಒಂದಕ್ಕೂ ಕಡಿಮೆ ಮುಂದಿರುವ, ಅಂದರೆ ಹಿಂದಿನ ವಾರಕ್ಕಿಂತ ಸಪ್ಪೆಯಾದ ಓಟ.

ಜೋಡುಕರೆಯಲ್ಲಿ ಇನ್ನೊಂದು ತೊಡಕಿದೆ. ಎರಡು ಕರೆಗಳು ಪಕ್ಕಪಕ್ಕದಲ್ಲಿದ್ದರೂ ಸಮ ಇರುವುದು ಅಪರೂಪ. ಒಂದು ಕರೆಯ ಎಲ್ಲ ಸಮಯಗಳ ಸರಾಸರಿ ತೆಗೆದು ಇನ್ನೊಂದರದ್ದಕ್ಕೆ ಹೋಲಿಸಿದರೆ ಸಾಲದು, ಒಳ್ಳೆಯ ಜತೆಗಳೆಲ್ಲ ಒಂದೇ ಬದಿಗೆ ಬಂದಿರಲೂಬಹುದು. ಬೇರೆ ಬೇರೆ ಸುತ್ತುಗಳಲ್ಲಿ ಎರಡೂ ಕರೆಗಳಲ್ಲಿ ಓಡಿದ ಜತೆಗಳನ್ನಷ್ಟೇ ಆರಿಸಿ, ಅವುಗಳ ಸಮಯದಲ್ಲಿ ಎಷ್ಟು ವ್ಯತ್ಯಾಸವಾಯಿತೆಂದು ನೋಡಿದರೆ ಯಾವ ಬದಿ ಹಗುರವಾಗಿತ್ತೆಂಬುದು ತಿಳಿಯುತ್ತದೆ. ಫೈನಲಿನಲ್ಲಿ ಮೂಗಿನಷ್ಟು ಅಂತರದಿಂದ ಸೋತ ಜತೆಯೇ ನಿಜಕ್ಕೂ ವೇಗದ್ದಾಗಿತ್ತು ಎಂದು ಈ ಲೆಕ್ಕದಿಂದ ತೋರಿದ ಸಂದರ್ಭಗಳಿವೆ. ಇದನ್ನು ಗೆದ್ದ ಯಜಮಾನರ ಎದುರು ಹೇಳುವ ಧೈರ್ಯ ಮಾತ್ರ ನಾನು ಮಾಡಿಲ್ಲ.

2020ರಲ್ಲಿ ಐಕಳದ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.50 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದಾಗ ಅದನ್ನು 100 ಮೀಟರಿಗೆ ಇಳಿಸಿ, 9.55 ಸೆಕೆಂಡು ಆಯಿತು, ಉಸೇನ್ ಬೋಲ್ಟ್‌ನ 9.58ಕ್ಕಿಂತ ಕಡಿಮೆ ಎಂದು ದೇಶವೆಲ್ಲ ಸುದ್ದಿಯಾಯಿತು. ಭಾಗಾಕಾರ ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು, ಹೋಲಿಕೆ ಸರಿ ಇರಲಿಲ್ಲ. ನಿಂತಲ್ಲಿಂದ ವೇಗ ಹಿಡಿಯಲು ತಗಲುವ ಹೊತ್ತು ದೂರ ಹೆಚ್ಚಿದಷ್ಟೂ ಸರಾಸರಿಯಲ್ಲಿ ಹಂಚಿಹೋಗುತ್ತದೆ. ಜೊತೆಗೆ ಓಡಿಸುವವರನ್ನು ಮುಂದಕ್ಕೆ ಸೆಳೆಯುವುದು ಎರಡು ಕೋಣಗಳು. ಗೌಡರೇ ಶ್ರೇಯಸ್ಸನ್ನು ಕೋಣಗಳಿಗೂ ಕೊಟ್ಟರು, ಟ್ರ್ಯಾಕಿನಲ್ಲಿ ಓಡಿ ತೋರಿಸುವ ಆಹ್ವಾನವನ್ನೂ ಒಪ್ಪಲಿಲ್ಲ. ಅವರು ಕೆಸರಿನ ಓಟದಲ್ಲಿ ಎಷ್ಟು ದೊಡ್ಡವರೆಂಬುದು ನಮ್ಮವರಿಗೆ ಮೊದಲೇ ಗೊತ್ತಿತ್ತು.

ಓಡಿಸುವವರ ಪಾಲನ್ನು ಬೇರ್ಪಡಿಸುವುದು ನಿಜಕ್ಕೂ ಕಷ್ಟ. ಹೆಸರುವಾಸಿಯಾದವರು ಒಂದೇ ಕಂಬಳದಲ್ಲಿ ಹಲವು ಯಜಮಾನರ ಜತೆಗಳನ್ನು ಓಡಿಸುತ್ತಾರೆ. ಅವರ ಕೈಯಲ್ಲಿ ಉಳಿದ ಜತೆಗಳು ಆ ದಿನ ತಮ್ಮ ರೂಢಿಯ ಮಟ್ಟಕ್ಕಿಂತ ಮೇಲೆ ಓಡಿದ್ದರೆ, ಗೆಲುವಿನ ಒಂದಂಶವನ್ನು ನಾನು ಅವರ ಖಾತೆಗೆ ಬರೆಯುತ್ತೇನೆ. ಬೇರೊಬ್ಬರು ಓಡಿಸಿದಾಗಲೂ ಜತೆ ಅದೇ ಮಟ್ಟ ಕಾಯ್ದುಕೊಂಡರೆ ಆಮೇಲೆ ನಿಶ್ಚಿಂತೆ. ಹಲಗೆಯ ಮೇಲೆ ನಿಂತು ಓಡಿಸುವ ಕನೆ ಹಲಗೆ ವಿಭಾಗದಲ್ಲಿ ಮಾತ್ರ ಈ ಲೆಕ್ಕವೆಲ್ಲ ನಡೆಯುವುದಿಲ್ಲ. ಅಲ್ಲಿ ನೋಡುವುದು ಮೇಲೆ ಕಟ್ಟಿದ ನಿಶಾನೆಗೆ ನೀರು ಹಾರಿತೇ ಎಂಬುದನ್ನು, ಸಮಯವನ್ನಲ್ಲ.

ಕುದುರೆಯವರಿಗಿಲ್ಲದ ಸಮಸ್ಯೆ ನಮಗೊಂದಿದೆ: ಗೆದ್ದದ್ದು ಜತೆ, ಮಾರಾಟವಾಗುವುದು ಹೆಚ್ಚಾಗಿ ಒಂಟಿ ಕೋಣ. ಎರಡರಲ್ಲಿ ಯಾವುದು ಓಟವನ್ನು ಎಳೆಯಿತು, ಯಾವುದು ಬರೀ ಜೊತೆಗೆ ಬಂತು ಎಂಬುದಕ್ಕೆ ಸಮಯದ ಪಟ್ಟಿಯಲ್ಲಿ ಉತ್ತರವಿಲ್ಲ. ಅದಕ್ಕಾಗಿ ನಾನು ನೊಗವನ್ನು ನೋಡುತ್ತೇನೆ. ಓಟ ಶುರುವಾಗುವ ಗಂತಿನಿಂದ ಹೊರಟ ಕೂಡಲೇ ನೊಗ ಓರೆಯಾಗುವುದು ಸಾಮಾನ್ಯ, ಒಂದು ಕೋಣ ಮೊದಲು ಚಿಮ್ಮುತ್ತದೆ. ಆದರೆ ಕರೆಯ ಕೊನೆಯ ಕಾಲುಭಾಗದಲ್ಲೂ ನೊಗ ಒಂದೇ ಬದಿಗೆ ಓರೆಯಾಗಿದ್ದು, ಹಿಂದುಳಿದ ಕೋಣ ತಲೆಯನ್ನು ಒಳಬದಿಗೆ ವಾಲಿಸಿ ಓಡುತ್ತಿದ್ದರೆ, ಅದರ ವೇಗ ಅದರದ್ದಲ್ಲ. ಈಗ ಓಟಗಳ ವೀಡಿಯೊ ಸುಲಭವಾಗಿ ಸಿಗುವುದರಿಂದ ಆ ಭಾಗವನ್ನು ನಿಧಾನಗೊಳಿಸಿ ಮತ್ತೆ ಮತ್ತೆ ನೋಡಬಹುದು. ಎದುರಿನಿಂದ, ಮಂಜೊಟ್ಟಿಯ ಕಡೆಯಿಂದ ತೆಗೆದದ್ದೇ ಬೇಕು. ಪಕ್ಕದಿಂದ ತೆಗೆದದ್ದರಲ್ಲಿ ಕೆಸರು ನೀರಿನ ಸಿಡಿತದ ಹಿಂದೆ ನೊಗವೇ ಕಾಣುವುದಿಲ್ಲ.

ಒಮ್ಮೆ ಮಿಯ್ಯಾರಿನ ಕಂಬಳ ಮುಗಿದ ಮೇಲೆ ಯಜಮಾನರೊಬ್ಬರು ಗೆದ್ದ ಜತೆಯ ಬಲಗಡೆಯ ಕೋಣವನ್ನು ಕೊಳ್ಳಲು ಹೊರಟಿದ್ದರು. ನೋಡಲು ಅದೇ ಎತ್ತರ, ಮೈಕಟ್ಟೂ ಅದರದ್ದೇ ಚೆಂದ. ಎಲ್ಲ ಸುತ್ತುಗಳ ಕೊನೆಯ ಭಾಗವನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸಿದೆ. ಲೀಗ್ ಸುತ್ತಿನಲ್ಲಿ ನೊಗ ನೇರ ಇತ್ತು, ಸೆಮಿಫೈನಲಿನಲ್ಲಿ ಅದರ ಬಲಬದಿ ತುಸು ಹಿಂದೆ, ಫೈನಲಿನಲ್ಲಿ ಎದ್ದು ಕಾಣುವಷ್ಟು ಹಿಂದೆ. "ಹಾಗಾದ್ರೆ ಎಡದ್ದು ಕೇಳುವುದಾ ಮಾರಾಯ್ರೆ?" ಎಂದರು. ಎಡದ ಕೋಣವನ್ನು ಅದರ ಒಡೆಯರು ಕೊಡುವ ಮನಸ್ಸಿನಲ್ಲಿರಲಿಲ್ಲ, ಅವರಿಗೂ ವಿಷಯ ಗೊತ್ತಿದ್ದಿರಬೇಕು.

ಸುತ್ತಿನಿಂದ ಸುತ್ತಿಗೆ ಹೀಗೆ ಬದಲಾಗುವುದನ್ನು ನೋಡಬೇಕಾದ ಕಾರಣ, ಒಂದು ಹಗಲು ಒಂದು ರಾತ್ರಿಯೊಳಗೆ ಅದೇ ಕೋಣಗಳು ಹಲವು ಬಾರಿ ಓಡಬೇಕಾಗುತ್ತದೆ. ಮೊದಲ ಸುತ್ತಿನ ಅತಿ ವೇಗದ ಓಟಕ್ಕಿಂತ ಕೊನೆಯ ಸುತ್ತಿನ ಎರಡನೆಯ ದರ್ಜೆಯ ಸಮಯಕ್ಕೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಸಾಧ್ಯವಾದರೆ ಓಟದ ನಂತರ ಕೋಣಗಳನ್ನು ಕಟ್ಟಿದಲ್ಲಿಗೆ ಹೋಗಿ ಪಕ್ಕೆಯ ಏರಿಳಿತ ನೋಡುತ್ತೇನೆ; ಮೈಗೆ ನೀರು ಹೊಯ್ದು ಆರೈಕೆ ಮುಗಿಯುವಷ್ಟರಲ್ಲಿ ಉಸಿರು ತಹಬಂದಿಗೆ ಬಂದು ಹುರುಳಿಗೆ ಬಾಯಿ ಹಾಕುವ ಕೋಣಕ್ಕೆ ಇನ್ನೂ ಓಡುವ ಕಸುವಿದೆಯೆಂದು ಬರೆದುಕೊಳ್ಳುತ್ತೇನೆ.

ಇಷ್ಟಾದರೂ ಗೆದ್ದ ರಾತ್ರಿ ಬರೆದ ಅಂಕವನ್ನು ಪೆನ್ಸಿಲಿನಲ್ಲೇ ಬರೆಯುತ್ತೇನೆ. ಆ ಜತೆಯ ಎದುರು ಸೋತ ಎರಡನೆಯ, ಮೂರನೆಯ ಜತೆಗಳು ಮುಂದಿನ ಎರಡು ಮೂರು ಕಂಬಳಗಳಲ್ಲಿ ಹೇಗೆ ಓಡುತ್ತವೆಂಬುದನ್ನು ನೋಡಿ ಅದನ್ನು ಏರಿಸುತ್ತೇನೆ ಅಥವಾ ಇಳಿಸುತ್ತೇನೆ. ನವೆಂಬರಿನಲ್ಲಿ ಋತು ಆರಂಭವಾಗುವಾಗ ಕೆಲವು ಬಲವಾದ ಜತೆಗಳು ಇನ್ನೂ ಹದಕ್ಕೆ ಬಂದಿರುವುದಿಲ್ಲವಾದ್ದರಿಂದ ಆಗಿನ ದೊಡ್ಡ ಗೆಲುವುಗಳಿಗೆ ಈ ತಿದ್ದುಪಡಿ ಇನ್ನೂ ಅಗತ್ಯ. ಮಾರುವವರಿಗೆ ಅಷ್ಟು ಕಾಯುವ ತಾಳ್ಮೆ ಇರುವುದಿಲ್ಲ, ಕೊಳ್ಳುವವರಿಗೆ ಬೇರೆಯವರು ಕೊಂಡುಬಿಟ್ಟಾರೆಂಬ ಅವಸರ. ಅಂಥವರಿಗೆ ನಾನು ಸೋತ ಜತೆಯ ಯಜಮಾನರ ಹೆಸರು ಹೇಳಿ, ಅಲ್ಲಿ ಹೋಗಿ ಕೇಳಿ ನೋಡಿ, ಬೆಲೆ ಇನ್ನೂ ಏರಿಲ್ಲ ಎನ್ನುತ್ತೇನೆ.