ಚೋಕ್ ಬಿಟ್ಟರೆ ನಿಂತುಹೋಗುವ ಡರ್ಟ್ ಬೈಕ್: ಪೈಲಟ್ ಜೆಟ್ ಒಂದನ್ನೇ ತೊಳೆದರೆ ಸಾಲದು

ಮಳೆಗಾಲ ಪೂರ್ತಿ ನಿಂತಿದ್ದ 140 ಸಿಸಿ ಬೈಕು, ಮಿಕುನಿ ವಿಎಂ 22 ಕಾರ್ಬು (ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬ್ಯುರೇಟರ್). ಚೋಕ್ ಹಾಕಿದರೆ ಸ್ಟಾರ್ಟ್ ಆಗುತ್ತಿತ್ತು, ತೆಗೆದ ಕೂಡಲೇ ಆಫ್. ಅರ್ಧ ಥ್ರಾಟಲ್ ದಾಟಿದರೆ ಮಾತ್ರ ಸರಿಯಾಗಿ ಎಳೆಯುತ್ತಿತ್ತು. ಅಂದರೆ ಹೆಚ್ಚು ಥ್ರಾಟಲ್‌ನಲ್ಲಿ ಪೆಟ್ರೋಲ್ ಕೊಡುವ ಮೇನ್ ಜೆಟ್ ಸರಿಯಿದೆ, ತೊಂದರೆ ಐಡಲ್ (ಥ್ರಾಟಲ್ ಕೊಡದೆ ಓಡುವಾಗಿನ) ದಾರಿಯಲ್ಲಿ.

ಹೊಸ ಪ್ಲಗ್, ಹೊಸ ಪೆಟ್ರೋಲ್, ಏರ್ ಫಿಲ್ಟರ್ ಕಡೆಯಿಂದ ಕ್ಲೀನರ್ ಸ್ಪ್ರೇ ಯಾವುದೂ ಉಪಯೋಗಕ್ಕೆ ಬರಲಿಲ್ಲ. ಐಡಲ್ ಸ್ಕ್ರೂ ಏರಿಸುವುದು ರೋಗವನ್ನು ಮುಚ್ಚಿಡುತ್ತದೆ ಅಷ್ಟೆ. ಐಡಲ್‌ಗೆ ಪೆಟ್ರೋಲ್ ಕೊಡುವ ಸಣ್ಣ ತೂತಿನ ಪೈಲಟ್ ಜೆಟ್ ಬಿಚ್ಚಿ ತೊಳೆದ ಮೇಲೂ ಹಾಗೇ ಇತ್ತು.

ಕಟ್ಟಿಕೊಂಡಿದ್ದದ್ದು ಜೆಟ್‌ನ ಆಚೆಗಿನ ಸಣ್ಣ ಕಾಲುವೆ. ಮೊದಲು ಐಡಲ್‌ಗೆ ಹೋಗುವ ಗಾಳಿ ಹೊಂದಿಸುವ ಏರ್ ಸ್ಕ್ರೂವನ್ನು ಮೆಲ್ಲಗೆ ಒಳಗೆ ತಿರುಗಿಸಿ ಎಷ್ಟು ಸುತ್ತು ತಿರುಗಿದ ಮೇಲೆ ಕೂತಿತು ಎಂದು ಬರೆದಿಟ್ಟುಕೊಳ್ಳಿ, ಆಮೇಲೆ ಸ್ಪ್ರಿಂಗ್ ಸಮೇತ ಬಿಚ್ಚಿ. ರಬ್ಬರ್ ರಿಂಗ್‌ಗಳನ್ನೆಲ್ಲ ತೆಗೆದಿಡಿ. ಕ್ಲೀನರ್ ತಗುಲಿದರೆ ಉಬ್ಬುತ್ತವೆ. ಜೆಟ್‌ಗೆ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆ ಸಾಕು. ಉಕ್ಕಿನ ತಂತಿ ತೂತನ್ನು ದೊಡ್ಡದು ಮಾಡುತ್ತದೆ. ಬೆಳಕಿಗೆ ಹಿಡಿದಾಗ ತೂತು ದುಂಡಗೆ ಕಾಣಬೇಕು.

ಈಗ ಕನ್ನಡಕ ಹಾಕಿಕೊಂಡು, ಜೆಟ್ ಕೂರುವ ಬಾಯಿಗೆ ಸ್ಪ್ರೇ ನಳಿಕೆ ಒತ್ತಿ. ಏರ್ ಸ್ಕ್ರೂ ತೂತಿನಿಂದ ಸ್ಪ್ರೇ ಬಂದರೆ ಅಲ್ಲಿಗೆ ಬೆರಳಿಟ್ಟು ಮುಚ್ಚಿ ಮತ್ತೆ ಹೊಡೆಯಿರಿ. ಸ್ಲೈಡ್ (ಥ್ರಾಟಲ್ ಜೊತೆ ಮೇಲೇಳುವ ತುಂಡು) ಪಕ್ಕ, ಎಂಜಿನ್ ಬದಿಯ ಸೂಜಿಮೊನೆಯಷ್ಟು ತೂತಿನಿಂದ ನೇರ ಧಾರೆ ಚಿಮ್ಮಬೇಕು. ಇಲ್ಲಿ ಮೊದಲು ಕಂದು ಅಂಟು ಬಂತು, ನಂತರ ಧಾರೆ. ಬರದಿದ್ದರೆ ಹತ್ತು ನಿಮಿಷ ನೆನೆಯಲು ಬಿಟ್ಟು ಮತ್ತೆ ಹೊಡೆಯಬೇಕು, ಕೊನೆಗೆ ಗಾಳಿ ಊದಬೇಕು.

ಜೋಡಿಸುವಾಗ ಏರ್ ಸ್ಕ್ರೂ ಒಂದೂವರೆ ಸುತ್ತು ಹೊರಗೆ. ಎಂಜಿನ್ ಬಿಸಿಯಾದ ಮೇಲೆ ಕಾಲು ಕಾಲು ಸುತ್ತು ತಿರುಗಿಸಿ ಆರ್‌ಪಿಎಂ ಅತಿ ಹೆಚ್ಚಾಗುವ ಜಾಗದಲ್ಲಿ ನಿಲ್ಲಿಸಿ, ಐಡಲ್ ಇಳಿಸಿ. ಎರಡು ವಾರಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಪೆಟ್ರೋಲ್ ಟ್ಯಾಪ್ ಮುಚ್ಚಿ, ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಬೌಲ್ (ಕಾರ್ಬು ತಳದ ಪೆಟ್ರೋಲ್ ಬಟ್ಟಲು) ಖಾಲಿ ಮಾಡಿಡಿ.