ಸುರಿಯುವ ಮುಂಚೆ ಅಳೆಯಿರಿ: ಮನೆಯ ಈಜುಕೊಳದ ನೀರು

ನೀರು ತಿಳಿಯಾಗಿ ಕಂಡರೆ ಎಲ್ಲ ಸರಿಯಿದೆ ಅಂತ ನಾನೂ ಬಹಳ ದಿನ ನಂಬಿದ್ದೆ. ಮಂಕಾದರೆ ಒಂದಿಷ್ಟು ಕ್ಲೋರಿನ್ ಹಾಕುತ್ತಿದ್ದೆ. ಒಂದು ಸಲ ಟೆಸ್ಟ್ ಕಿಟ್‌ನಲ್ಲಿ ಕ್ಲೋರಿನ್ ನೋಡಿದೆ. ಗುಲಾಬಿ ಬಣ್ಣ ಬರಬೇಕಿತ್ತು, ಬರಲಿಲ್ಲ. ಕ್ಲೋರಿನ್ ಖಾಲಿಯಾಗಿದೆ ಅಂದುಕೊಂಡು ಇನ್ನಷ್ಟು ಸುರಿದೆ. ಆ ಸಂಜೆ ನೀರಿಗೆ ಇಳಿದ ಮೊಮ್ಮಗಳು ಕಣ್ಣುಜ್ಜಿಕೊಳ್ಳುತ್ತಾ ಮೇಲೆ ಬಂದಳು. ಅವಳ ಈಜುಡುಗೆಯ ನೀಲಿ ಅಲ್ಲಲ್ಲಿ ಮಾಸಿತ್ತು.

ನಿಜ ಏನೆಂದರೆ, ಕ್ಲೋರಿನ್ ವಿಪರೀತ ಇದ್ದಾಗ ಅದು ಪರೀಕ್ಷೆಯ ಬಣ್ಣವನ್ನೇ ಅಳಿಸಿ ಹಾಕುತ್ತದೆ. ಕಿಟ್‌ನ ಪುಡಿ ಬಿದ್ದ ಕೂಡಲೇ ಗುಲಾಬಿ ಮಿಂಚಿ ಮಾಯವಾಯಿತೆ? ಅದು ಸೊನ್ನೆಯಲ್ಲ, ಜಾಸ್ತಿ. ಅರ್ಧ ಪಾಲು ಮಾದರಿ ನೀರಿಗೆ ಅರ್ಧ ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ ಮತ್ತೆ ನೋಡಿ, ಬಂದ ಅಂಕಿಯನ್ನು ಎರಡರಿಂದ ಗುಣಿಸಿ. ಆಗಲೂ ಬಣ್ಣ ನಿಲ್ಲದಿದ್ದರೆ ಇನ್ನೂ ತೆಳು ಮಾಡಿ. ಮಾದರಿ ನೀರನ್ನು ಕೊಳದ ಮೇಲ್ಪದರದಿಂದ ತೆಗೆಯಬೇಡಿ. ಮೊಣಕೈವರೆಗೆ ಕೈ ಇಳಿಸಿ, ಫಿಲ್ಟರ್‌ನಿಂದ ನೀರು ವಾಪಸ್ ಬರುವ ಬಾಯಿಯಿಂದ ದೂರ ತೆಗೆಯಿರಿ.

ಸರಿಪಡಿಸುವುದಕ್ಕೂ ಒಂದು ಕ್ರಮ ಇದೆ. ಮೊದಲು ಕ್ಷಾರತೆ, ಆಮೇಲೆ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ), ಕೊನೆಗೆ ಕ್ಲೋರಿನ್. ಕ್ಷಾರತೆ ಅಂದರೆ ಪಿಎಚ್ ಅನ್ನು ಹಿಡಿದು ನಿಲ್ಲಿಸುವ ಶಕ್ತಿ. ಅದು 80ರಿಂದ 120 ಪಿಪಿಎಂ (ಲೀಟರಿಗೆ ಅಷ್ಟು ಮಿಲಿಗ್ರಾಂ) ಇರಲಿ. ಕಡಿಮೆಯಿದ್ದರೆ ಪಿಎಚ್ ಇವತ್ತು ಒಂದು, ನಾಳೆ ಇನ್ನೊಂದು ಅಂತ ಜಿಗಿಯುತ್ತಲೇ ಇರುತ್ತದೆ. ಅದನ್ನು ಏರಿಸಲು ಅಡುಗೆ ಸೋಡಾ ಸಾಕು. ಎಷ್ಟು ಹಾಕಬೇಕು ಅನ್ನುವುದಕ್ಕೆ ಕೊಳದಲ್ಲಿ ಎಷ್ಟು ನೀರಿದೆ ಅಂತ ಗೊತ್ತಿರಬೇಕು, ಅಲ್ವಾ? ಉದ್ದ 8 ಮೀಟರ್, ಅಗಲ 4, ಸರಾಸರಿ ಆಳ ಒಂದೂವರೆ ಅಂದುಕೊಳ್ಳಿ. ಗುಣಿಸಿದರೆ 48 ಘನ ಮೀಟರ್, ಅಂದರೆ 48,000 ಲೀಟರ್. ಇಷ್ಟು ನೀರಿನಲ್ಲಿ ಕ್ಷಾರತೆ 10 ಪಿಪಿಎಂ ಏರಲು ಸುಮಾರು 800 ಗ್ರಾಂ ಸೋಡಾ ಬೇಕು. ನಿಮ್ಮ ಕೊಳದ ಲೆಕ್ಕವನ್ನು ಒಮ್ಮೆ ಮಾಡಿ ಪಂಪಿನ ಪಕ್ಕದ ಗೋಡೆಗೆ ಅಂಟಿಸಿಬಿಡಿ.

ಪಿಎಚ್ 7.2ರಿಂದ 7.8ರ ಒಳಗಿರಲಿ. ನನ್ನ ಕೈ ಯಾವಾಗಲೂ 7.4ರ ಕಡೆಗೇ ಹೋಗುತ್ತದೆ. ಕಾರಣ ಇದೆ. ಕ್ಲೋರಿನ್‌ನ ಕೀಟಾಣು ಕೊಲ್ಲುವ ಭಾಗ ಪಿಎಚ್ 7.5ರಲ್ಲಿ ಹೆಚ್ಚುಕಡಿಮೆ ಅರ್ಧ. 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ದುಡ್ಡು ಕೊಟ್ಟು ತಂದ ಕ್ಲೋರಿನ್ ನೀರಲ್ಲಿ ಸುಮ್ನೆ ಕೂತಿರುತ್ತದೆ, ಪಾಚಿ ಬೆಳೆಯುತ್ತದೆ. ತೀರಾ ಇಳಿದರೂ ಕಷ್ಟ. ಕಣ್ಣು ಉರಿಯುತ್ತದೆ, ಗೋಡೆಯ ಗಿಲಾವು ಸವೆಯುತ್ತದೆ, ಏಣಿಯ ಲೋಹಕ್ಕೆ ತುಕ್ಕು ಹಿಡಿಯುತ್ತದೆ.

ಕ್ಲೋರಿನ್ 1ರಿಂದ 3 ಪಿಪಿಎಂ, ಸ್ಟೆಬಿಲೈಸರ್ (ಬಿಸಿಲಿನಿಂದ ಕ್ಲೋರಿನ್ ಕಾಪಾಡುವ ರಾಸಾಯನಿಕ) ಹಾಕಿದ ಕೊಳದಲ್ಲಿ 2ಕ್ಕಿಂತ ಕೆಳಗೆ ಬೇಡ. ಮೂಗಿಗೆ ಬಡಿಯುವ 'ಕ್ಲೋರಿನ್ ವಾಸನೆ' ಬಂದರೆ ಕ್ಲೋರಿನ್ ಜಾಸ್ತಿಯಾಯಿತು ಅಂತ ಎಲ್ಲರೂ ಹೇಳುತ್ತಾರೆ. ಸಾಮಾನ್ಯವಾಗಿ ಆಗಿರುವುದು ಬೇರೆ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮಿನ್‌ನ ವಾಸನೆ ಅದು. ಅದಕ್ಕೆ ಒಂದೇ ಸಲ ಹೆಚ್ಚು ಕ್ಲೋರಿನ್ ಕೊಟ್ಟು 'ಶಾಕ್' ಮಾಡಬೇಕು. ಹೊತ್ತು ಮುಳುಗಿದ ಮೇಲೆ ಮಾಡಿ, ಬಿಸಿಲು ಕ್ಲೋರಿನ್ ತಿಂದುಹಾಕುತ್ತದೆ. ರಾತ್ರಿಯಿಡೀ ಪಂಪ್ ಓಡಲಿ. ಕ್ಲೋರಿನ್ ಮತ್ತೆ 3ಕ್ಕೆ ಇಳಿಯುವವರೆಗೆ ಯಾರನ್ನೂ ಇಳಿಸಬೇಡಿ. ಮಕ್ಕಳಿಗೆ ಇಳಿಯುವ ಮೊದಲು ಮೈ ತೊಳೆಯುವ ಅಭ್ಯಾಸ ಮಾಡಿಸಿದರೆ ಈ ಕೆಲಸವೇ ಅರ್ಧ ಕಡಿಮೆಯಾಗುತ್ತದೆ.

ಮೇಲೆ ಹೇಳಿದ ಸ್ಟೆಬಿಲೈಸರ್ 30ರಿಂದ 50 ಪಿಪಿಎಂ ಸಾಕು. ಟ್ರೈಕ್ಲೋರ್ ಅನ್ನುವ ಕ್ಲೋರಿನ್ ಮಾತ್ರೆ ಬಳಸುವವರು ಇಲ್ಲಿ ಎಚ್ಚರ ವಹಿಸಬೇಕು. ಪ್ರತಿ ಮಾತ್ರೆಯೂ ಸ್ಟೆಬಿಲೈಸರ್ ಸೇರಿಸುತ್ತಾ ಹೋಗುತ್ತದೆ. ಜಾಸ್ತಿಯಾದರೆ ಕ್ಲೋರಿನ್ ಮಂದವಾಗುತ್ತದೆ. ಆಗ ಒಂದಷ್ಟು ನೀರು ಹೊರಬಿಟ್ಟು ಹೊಸ ನೀರು ತುಂಬುವುದೇ ದಾರಿ. ಗಡಸುತನ, ಅಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, 200ರಿಂದ 400 ಪಿಪಿಎಂ ಇದ್ದರೆ ಅದರ ತಂಟೆಗೆ ಹೋಗಬೇಡಿ.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪಿಎಚ್ ಇಳಿಸಲು ಹಾಕುವ ಆಸಿಡ್ ತೆಳು ಮಾಡುವಾಗ ಮೊದಲು ಬಕೆಟ್‌ನಲ್ಲಿ ನೀರು, ಆಮೇಲೆ ನೀರಿಗೆ ಆಸಿಡ್. ತಿರುಗಾಮುರುಗಾ ಮಾಡಿದರೆ ಮುಖಕ್ಕೆ ಸಿಡಿಯುತ್ತದೆ. ಆಸಿಡ್ ಮತ್ತು ಕ್ಲೋರಿನ್ ಸೇರಿದರೆ ವಿಷಗಾಳಿ ಹುಟ್ಟುತ್ತದೆ. ಎರಡು ಬಗೆಯ ಕ್ಲೋರಿನ್ ಒಣಗಿದ್ದಾಗ ಬೆರೆತರೂ ಬೆಂಕಿ ಹೊತ್ತಿಕೊಳ್ಳಬಹುದು. ನಮ್ಮಲ್ಲಿ ಪ್ರತಿ ಡಬ್ಬಿಗೆ ಅದರದ್ದೇ ಬಣ್ಣದ ಚಮಚ ಇದೆ, ಡಬ್ಬಿಗೇ ದಾರದಿಂದ ಕಟ್ಟಿದೆ. ಆಸಿಡ್ ಬೇರೆ ಮೂಲೆಯಲ್ಲಿ, ಕ್ಲೋರಿನ್ ಬೇರೆ ಮೂಲೆಯಲ್ಲಿ, ಎರಡಕ್ಕೂ ಬೀಗ.